ಗುಹೆಗೂ ಒಂದು ಉತ್ಸವಮೂರ್ತಿ: ದೋರ್ದೋನ್ ಕಣಿವೆಯಲ್ಲಿ ಆರು ದಿನ

ಮಾರ್ಚ್ ತಿಂಗಳು ಬಂತು ಅಂದ್ರೆ ನನ್ನ ವಾಟ್ಸಾಪಿಗೆ ಒಂದೇ ಥರದ ಮೆಸೇಜ್‌ಗಳು ಶುರುವಾಗುತ್ತವೆ. "ಅಪ್ಪ ಅಮ್ಮನ್ನ ಕರ್ಕೊಂಡು ಯುರೋಪ್ ಬರ್ತಿದ್ದೀವಿ ಕಣೇ. ಹತ್ತು ದಿನ, ಆರು ದೇಶ. ಪ್ಲಾನ್ ಒಂದ್ಸಲ ನೋಡ್ತೀಯಾ?" ಕೆಲಸದ ಮೇಲೆ ಫ್ರಾನ್ಸಿನ ತುಲೂಸ್‌ಗೆ ಬಂದು ನಾಲ್ಕು ವರ್ಷವಾಯಿತು. ಅಷ್ಟಕ್ಕೇ ಸ್ನೇಹಿತರ ಪಾಲಿಗೆ ನಾನು ಪುಕ್ಕಟೆ ಟ್ರಾವೆಲ್ ಏಜೆಂಟ್ ಆಗಿಬಿಟ್ಟಿದ್ದೇನೆ. ನನ್ನ ಉತ್ತರವೂ ಯಾವಾಗಲೂ ಒಂದೇ. ಆರು ದೇಶದಲ್ಲಿ ನಾಲ್ಕನ್ನು ಹೊಡೆದುಹಾಕಿ, ಉಳಿದ ದಿನಗಳನ್ನು ಒಂದೇ ಒಂದು ಕಣಿವೆಯಲ್ಲಿ ಕಳೆಯಿರಿ.

ಅದು ದೋರ್ದೋನ್ ಕಣಿವೆ. ಹೋದ ಜೂನ್‌ನಲ್ಲಿ ನನ್ನ ಅಪ್ಪ ಅಮ್ಮ ಬಂದಾಗ ನಾನು ಮಾಡಿದ್ದೂ ಇದನ್ನೇ. ಅಪ್ಪ ಹೊಳೆನರಸೀಪುರದ ಕಡೆ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರಾಗಿ ರಿಟೈರ್ ಆದವರು, ವಯಸ್ಸು 71. ಅಮ್ಮನಿಗೆ ಎರಡೂ ಮಂಡಿ ನೋವು. ವೀಸಾ ಕೈಗೆ ಬಂದ ದಿನ ಅಪ್ಪ ಫೋನಿನಲ್ಲಿ, "ಇದೇ ಮೊದಲು, ಇದೇ ಕೊನೆ ಕಣಮ್ಮ. ನೀನು ಏನು ತೋರಿಸ್ತೀಯೋ ಅದು" ಅಂದರು. ಹೇಳಿದ್ದು ನಗ್ತಾನೇ. ಆದರೂ ಫೋನ್ ಇಟ್ಟ ಮೇಲೆ ನನ್ನ ಎಕ್ಸೆಲ್ ಶೀಟಿನ ಎಲ್ಲಾ ಊರುಗಳೂ ಒಮ್ಮೆಲೇ ಬೇಡ ಅನ್ನಿಸಿಬಿಟ್ಟವು. ಪ್ಯಾರಿಸ್ ಎರಡು ದಿನ ಇಟ್ಟುಕೊಂಡೆವು. ಉಳಿದದ್ದೆಲ್ಲ ಈ ನದಿ ದಂಡೆಗೆ.

ದೋರ್ದೋನ್ ನದಿ ಫ್ರಾನ್ಸಿನ ಮಧ್ಯದ ಬೆಟ್ಟಗಳಲ್ಲಿ ಹುಟ್ಟಿ, ಸುಮಾರು 480 ಕಿಲೋಮೀಟರ್ ಪಶ್ಚಿಮಕ್ಕೆ ಹರಿದು, ಬೋರ್ದೋ ನಗರದ ಹತ್ತಿರ ಗರೋನ್ ನದಿಯನ್ನು ಸೇರುತ್ತದೆ. ನಮಗೆ ಬೇಕಾದದ್ದು ಇದರ ಮಧ್ಯದ ತುಂಡು, ಪೆರಿಗೋರ್ ಅನ್ನುವ ಹಳೇ ಸೀಮೆ. ಉತ್ತರದಿಂದ ವೆಝೇರ್ ಅನ್ನೋ ಚಿಕ್ಕ ಹೊಳೆ ಬಂದು ಲಿಮೇಯ್ ಊರಿನ ಬುಡದಲ್ಲಿ ಇದನ್ನು ಕೂಡಿಕೊಳ್ಳುತ್ತದೆ. ಎರಡು ಹೊಳೆಗೂ ಎರಡು ಕಮಾನು ಸೇತುವೆ, ಒಂದಕ್ಕೊಂದು ಮೂಲೆ ಕೂಡಿಸಿದ ಹಾಗೆ. ದಂಡೆಯಲ್ಲಿ ಹುಲ್ಲು, ನೀರಾಟ ಆಡೋ ಮಕ್ಕಳು. ವೆಝೇರ್ ದಂಡೆಗೆ ಗುಹೆಗಳು, ದೋರ್ದೋನ್ ದಂಡೆಗೆ ಕೋಟೆಗಳು. ಇಷ್ಟು ತಲೆಯಲ್ಲಿದ್ದರೆ ಮ್ಯಾಪ್ ಅರ್ಥವಾಗುತ್ತೆ.

ನಾವು ಉಳಿದದ್ದು ಸಾರ್ಲಾ ಪಟ್ಟಣದ ಹೊರಗಿನ ಒಂದು 'ಜೀತ್'ನಲ್ಲಿ. ಜೀತ್ ಅಂದರೆ ಹಳ್ಳಿಮನೆಯನ್ನು ಅಡುಗೆಮನೆ ಸಮೇತ ಬಾಡಿಗೆಗೆ ಕೊಡೋದು. ಜುಲೈ, ಆಗಸ್ಟ್‌ನಲ್ಲಿ ಬಹುತೇಕ ಶನಿವಾರದಿಂದ ಶನಿವಾರಕ್ಕೇ ಕೊಡ್ತಾರೆ. ಜೂನ್, ಸೆಪ್ಟೆಂಬರ್‌ನಲ್ಲಿ ಐದಾರು ದಿನಕ್ಕೂ ಸಿಗುತ್ತೆ, ಜನವೂ ಕಡಿಮೆ.

ಲಾಸ್ಕೋ ಹೆಸರು ನೀವು ಸ್ಕೂಲ್ ಪುಸ್ತಕದಲ್ಲಿ ನೋಡಿರಬಹುದು. 1940ರ ಸೆಪ್ಟೆಂಬರ್ 12ರಂದು ಮೋಂತಿನ್ಯಾಕ್ ಅನ್ನೋ ಊರಿನ ಹತ್ತಿರ ನಾಲ್ಕು ಹುಡುಗರು ಒಂದು ಬಿಲದೊಳಗೆ ತೂರಿಕೊಂಡು ಕೆಳಗಿಳಿದರು. ದೀಪ ಎತ್ತಿ ನೋಡಿದರೆ ಗೋಡೆ ತುಂಬ ಗೂಳಿ, ಕುದುರೆ, ಜಿಂಕೆ. ಸುಮಾರು 17ರಿಂದ 21 ಸಾವಿರ ವರ್ಷ ಹಳೆಯವು. ಅತಿ ದೊಡ್ಡ ಗೂಳಿ ಐದು ಮೀಟರ್‌ಗೂ ಉದ್ದ. ಹುಡುಗರು ಓಡಿದ್ದು ಯಾರ ಹತ್ತಿರ ಗೊತ್ತಾ? ಊರಿನ ರಿಟೈರ್ಡ್ ಮೇಷ್ಟ್ರು ಲೆಯೋಂ ಲವಾಲ್ ಹತ್ತಿರ. ಇದನ್ನು ಗೈಡ್ ಹೇಳಿದಾಗ ನಾನು ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಅಲ್ಲಿಯವರೆಗೆ ಜರ್ಕಿನ್ ಜೇಬಿನಲ್ಲಿ ಕೈ ಹಾಕಿಕೊಂಡು ಹಿಂದೆ ಹಿಂದೆ ಬರುತ್ತಿದ್ದವರು, ಸರಸರ ಅಂತ ಗುಂಪಿನ ಮುಂದಕ್ಕೆ ಹೋಗಿ ನಿಂತರು.

ಆದರೆ ನಾವು ನಿಂತಿದ್ದು ಅಸಲಿ ಗುಹೆಯಲ್ಲಲ್ಲ.

ಅಸಲಿ ಲಾಸ್ಕೋ ಜನರಿಗೆ ತೆರೆದಿದ್ದು 1948ರಲ್ಲಿ. ದಿನಕ್ಕೆ ಸಾವಿರಕ್ಕೂ ಮೇಲೆ ಜನ ಬರತೊಡಗಿದರು. ಅಷ್ಟೂ ಜನರ ಉಸಿರಿನ ಇಂಗಾಲದ ಡೈ ಆಕ್ಸೈಡ್, ಮೈ ಶಾಖ, ತೇವ, ಜೊತೆಗೆ ದೀಪಗಳ ಬೆಳಕು. ಸಾವಿರಾರು ವರ್ಷ ಅಲುಗಾಡದೆ ಇದ್ದ ಗಾಳಿ ಹದಿನೈದು ವರ್ಷದಲ್ಲಿ ಕೆಟ್ಟಿತು. ಗೋಡೆಗೆ ಹಸಿರು ಪಾಚಿ ಹಿಡಿಯಿತು, ಸುಣ್ಣದ ಬಿಳಿ ಪೊರೆ ಏರತೊಡಗಿತು. 1963ರಲ್ಲಿ ಆಗಿನ ಸಂಸ್ಕೃತಿ ಸಚಿವ ಆಂದ್ರೆ ಮಾಲ್ರೋ ಬಾಗಿಲು ಹಾಕಿಸಿದರು. 2000ದ ನಂತರವೂ ಬೂಷ್ಟು, ಕಪ್ಪು ಕಲೆ ಅಂತ ಕಾಟ ತಪ್ಪಲಿಲ್ಲ. ಈಗ ಒಳಗೆ ಹೋಗೋದು ವಿಜ್ಞಾನಿಗಳು, ನೋಡಿಕೊಳ್ಳುವವರು, ಅದೂ ಲೆಕ್ಕದ ಹೊತ್ತು.

ನಮ್ಮಂಥವರಿಗೆ ಇರೋದು ನಕಲು. 1983ರಲ್ಲಿ ಅಸಲಿ ಗುಹೆಯ ಹತ್ತಿರವೇ ಅದರ ಒಂದು ಭಾಗದ ನಕಲು ಮಾಡಿದರು. 2016ರ ಡಿಸೆಂಬರ್‌ನಲ್ಲಿ ಗುಡ್ಡದ ಕೆಳಗೆ ಹೆಚ್ಚುಕಡಿಮೆ ಇಡೀ ಗುಹೆಯನ್ನೇ ಮತ್ತೆ ಕಟ್ಟಿ ನಿಲ್ಲಿಸಿದರು. ಅದಕ್ಕೆ ಲಾಸ್ಕೋ 4 ಅಂತ ಹೆಸರು. ಟಿಕೆಟ್ ತಲಾ ಇಪ್ಪತ್ತು ಯೂರೋ ದಾಟುತ್ತೆ. ಅಮ್ಮ ಕೌಂಟರ್ ಮುಂದೆ ಮನಸ್ಸಲ್ಲೇ ತೊಂಬತ್ತರಿಂದ ಗುಣಿಸಿ, "ಝೆರಾಕ್ಸ್ ನೋಡೋಕೆ ಇಷ್ಟು ದುಡ್ಡಾ?" ಅಂದರು. ನನ್ನ ಗಂಡನೂ ಅತ್ತೆಯ ಪಾರ್ಟಿ ಸೇರಿಕೊಂಡ.

ಒಳಗೆ ಗುಹೆಯ ಹಾಗೇ ತಣ್ಣಗಿರುತ್ತೆ, ಸ್ವೆಟರ್ ಬೇಕು. ಬೆಳಕು ಮಂದ, ನೆಲ ಸಮ. ಮಂಡಿ ನೋವಿನವರಿಗೆ ಅಡ್ಡಿಯಿಲ್ಲ. ಬಂಡೆಯ ಉಬ್ಬು ತಗ್ಗುಗಳನ್ನೆಲ್ಲ ಅಳತೆ ಮಾಡಿ ಹಾಗೇ ಎರಕ ತೆಗೆದಿದ್ದಾರೆ. ಬಣ್ಣಗಳೂ ಆ ಕಾಲದವೇ, ಕೆಮ್ಮಣ್ಣು, ಹಳದಿ ಮಣ್ಣು, ಮ್ಯಾಂಗನೀಸಿನ ಕಪ್ಪು. ಗೈಡ್ ಒಂದು ಮಾತು ಹೇಳಿದರು. ಆ ಜನ ತಿನ್ನುತ್ತಿದ್ದದ್ದು ಹೆಚ್ಚಾಗಿ ಹಿಮಸಾರಂಗದ ಮಾಂಸ, ಸಿಕ್ಕಿರುವ ಮೂಳೆಗಳು ಅದನ್ನೇ ಹೇಳುತ್ತವೆ. ಆದರೆ ಗೋಡೆಯ ಮೇಲೆ ಹಿಮಸಾರಂಗ ಹುಡುಕಿದರೂ ಸಿಗೋದು ಒಂದೇ ಒಂದು. ಬರೆದದ್ದೆಲ್ಲ ಕುದುರೆ, ಗೂಳಿ. ಅಂದರೆ ಇವು ಹಸಿವಿನ ಚಿತ್ರಗಳಲ್ಲ. ಮತ್ತೇನು? ಅದಕ್ಕೆ ಉತ್ತರ ಯಾರ ಹತ್ತಿರವೂ ಇಲ್ಲ.

ಅಮ್ಮ ದೊಡ್ಡ ಗೂಳಿಯ ಕೆಳಗೆ ತುಂಬ ಹೊತ್ತು ನಿಂತಿದ್ದರು. ಹೊರಗೆ ಬಂದು ಬೆಂಚಿನ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಾ ಅಂದರು: "ಮೂಲಮೂರ್ತಿನ ಯಾರಾದ್ರೂ ತೇರಲ್ಲಿ ಕೂರಿಸ್ತಾರೇನೇ? ಬೀದಿಗೆ ಬರೋದು ಉತ್ಸವಮೂರ್ತಿನೇ. ಎಲ್ರಿಗೂ ದರ್ಶನ ಆಗ್ಬೇಕಲ್ಲ."

ನಕಲು, ಮೂಲ ಅಂತ ಎಷ್ಟೋ ಲೇಖನ ಓದಿದ್ದೆ. ಇಷ್ಟು ಚೊಕ್ಕವಾಗಿ ಯಾರೂ ಹೇಳಿರಲಿಲ್ಲ. ಉತ್ಸವಮೂರ್ತಿಯನ್ನು ನಾವು ನಕಲಿ ದೇವರು ಅನ್ನೋದಿಲ್ಲ ತಾನೇ? ಹಾಗಾಗಿ 'ರೀಲ್ಸ್‌ನಲ್ಲಿ ನೋಡಿದ್ದೀನಿ, ರೆಪ್ಲಿಕಾಗೆ ಯಾಕೆ ಹೋಗಲಿ' ಅನ್ನೋರಿಗೆ ನಾನು ಹೇಳೋದು, ಹೋಗಿ. ಫೋನಿನ ಆರು ಇಂಚಿನಲ್ಲಿ ಆ ಗೂಳಿಯ ಅಳತೆ ಗೊತ್ತಾಗಲ್ಲ.

ಇನ್ನು ಗರ್ಭಗುಡಿಯ ಮಾತು. ಒಳಗೆ ಬಿಡುವ ಅಸಲಿ ಗುಹೆಗಳು ವೆಝೇರ್ ದಂಡೆಯಲ್ಲಿ ಇನ್ನೂ ಇವೆ. ಅದರಲ್ಲಿ ದೊಡ್ಡ ಹೆಸರು ಲೆಜೆಝಿ ಊರಿನ ಫೋಂ ದ ಗೋಮ್. ಬಹುವರ್ಣದ ಅಸಲಿ ಚಿತ್ರಗಳಿದ್ದೂ ಜನರನ್ನು ಬಿಡುವ ಗುಹೆ ಫ್ರಾನ್ಸಿನಲ್ಲಿ ಉಳಿದಿರೋದು ಇದೊಂದೇ ಅನ್ನುತ್ತಾರೆ. ಚಿಕ್ಕ ಚಿಕ್ಕ ಗುಂಪು, ದಿನಕ್ಕೆ ಇಷ್ಟೇ ಜನ ಅಂತ ಮಿತಿ. ಬ್ಯಾಗು, ಫೋಟೋ ಎರಡೂ ಇಲ್ಲ. ಟಿಕೆಟ್ ಆಫೀಸಿನಿಂದ ಗುಹೆಯ ಬಾಯಿಗೆ ಏರುದಾರಿ, ಒಳಗೆ ಕಿರಿದು. ಅಮ್ಮನಿಗೆ ಆಗುವ ಮಾತಲ್ಲ. ನಾನೂ ಅಪ್ಪನೂ ಹೋದೆವು.

ಗೈಡ್ ಟಾರ್ಚನ್ನು ನೇರವಾಗಿ ಹಿಡಿಯದೆ ಪಕ್ಕದಿಂದ ನಿಧಾನಕ್ಕೆ ಸರಿಸಿದರು. ಬಂಡೆಯ ಉಬ್ಬೇ ಕಾಡೆಮ್ಮೆಯ ಬೆನ್ನಾಯಿತು. ಇನ್ನೊಂದು ಕಡೆ ಎರಡು ಹಿಮಸಾರಂಗ. ಒಂದು ಮಂಡಿಯೂರಿದೆ, ಇನ್ನೊಂದು ಬಗ್ಗಿ ಅದರ ಹಣೆ ನೆಕ್ಕುತ್ತಿದೆ. ಬಣ್ಣ ಬಹಳ ಮಾಸಿದೆ, ಗೈಡ್ ಬೆರಳಿನ ಗೆರೆ ಹಿಂದೆಯೇ ನಮ್ಮ ಕಣ್ಣು ಹೋಗಬೇಕು. ಕಂಡ ಕ್ಷಣ ಅಪ್ಪ ನನ್ನ ಮುಂಗೈ ಹಿಡಿದುಕೊಂಡರು. ಹಟ್ಟಿಯಲ್ಲಿ ಹಸು ಕರುವನ್ನು ನೆಕ್ಕೋದನ್ನು ದಿನಾ ನೋಡಿದವರಿಗೆ ಅದನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

ಈ ಚಿತ್ರಗಳನ್ನು 1901ರಲ್ಲಿ ಪತ್ತೆ ಮಾಡಿದ್ದು ದೆನಿ ಪೇರೋನಿ. ಅವರು ಲೆಜೆಝಿಯ ಶಾಲಾ ಮೇಷ್ಟ್ರು! ಊರಿನ ಹಳೇ ಕೋಟೆಯಲ್ಲಿ ಮ್ಯೂಸಿಯಂ ಹುಟ್ಟುಹಾಕಿದ್ದೂ ಅವರೇ. ಇವತ್ತು ಅದೇ ರಾಷ್ಟ್ರೀಯ ಪ್ರಾಗೈತಿಹಾಸ ಮ್ಯೂಸಿಯಂ. ಕ್ರೋಮ್ಯಾನ್ಯನ್ ಮಾನವ ಅಂತ ಓದಿದ್ದೀವಲ್ಲ, ಆ ಹೆಸರು ಬಂದದ್ದೂ ಈ ಊರಿನ ಒಂದು ಬಂಡೆಯ ಆಸರೆಯಿಂದ, 1868ರಲ್ಲಿ. "ನೋಡು, ಎರಡು ಗುಹೆ, ಎರಡೂ ಕಡೆ ಮೇಷ್ಟ್ರು" ಅಂತ ಅಪ್ಪ ಆ ದಿನ ಸಂಜೆಯವರೆಗೂ ಹೇಳಿಕೊಂಡು ಓಡಾಡಿದರು. ಹಾಸನದ ತಮ್ಮ ಹಳೇ ಸಹೋದ್ಯೋಗಿಗಳ ಗ್ರೂಪಿಗೂ ಅದೇ ವಾಯ್ಸ್ ಮೆಸೇಜ್.

ನನಗೆ ಮಾತ್ರ ಒಂದು ಪ್ರಶ್ನೆ ಉಳಿಯಿತು, ಅದನ್ನು ನಿಮ್ಮ ಮುಂದೂ ಇಡುತ್ತೇನೆ. ಲಾಸ್ಕೋದ ಕಥೆ ಗೊತ್ತಿದ್ದೂ ಇಲ್ಲಿ ಒಳಗೆ ಹೋಗಿ ಉಸಿರಾಡಬೇಕಾ? ಮಿತಿ ಹಾಕಿದ್ದಾರೆ, ಅಳತೆ ಇಟ್ಟಿದ್ದಾರೆ, ನಿಜ. 71 ವರ್ಷದ ಮೇಷ್ಟ್ರಿಗೆ ಒಂದು ಸಲ ಅಂದರೆ ನನ್ನ ಮನಸ್ಸು ಒಪ್ಪುತ್ತೆ. ನಾನು ಮಾತ್ರ ಇನ್ನೊಂದು ಸಲ ಟಿಕೆಟ್ ತೆಗೆಯಲ್ಲ. ಚೆಕ್‌ಲಿಸ್ಟಿನಲ್ಲಿ ಟಿಕ್ ಹಾಕೋಕೆ ಅಂತ ಹೋಗುವವರಿದ್ದರೆ, ದಯವಿಟ್ಟು ಆ ಜಾಗ ಬೇರೆಯವರಿಗೆ ಬಿಡಿ.

ಅಮ್ಮನಿಗೂ ಅಸಲಿ ಗುಹೆ ಸಿಕ್ಕಿತು. ರೂಫಿನ್ಯಾಕ್ ಗುಹೆಗೆ ಎಲೆಕ್ಟ್ರಿಕ್ ಪುಟ್ಟ ರೈಲಿದೆ. ಕೂತಲ್ಲೇ ಕೂತು ಸುಮಾರು ಒಂದು ಕಿಲೋಮೀಟರ್ ಬೆಟ್ಟದ ಹೊಟ್ಟೆಯೊಳಕ್ಕೆ. ಇಲ್ಲಿ ಬಣ್ಣಬಣ್ಣದ ಚಿತ್ರಗಳಿಲ್ಲ, ಕಪ್ಪು ಗೆರೆ, ಹೆಚ್ಚಾಗಿ ಮ್ಯಾಮತ್‌ಗಳು, ನೂರಕ್ಕೂ ಮೇಲೆ. ದಾರಿಯಲ್ಲಿ ಗುಹೆ ಕರಡಿಗಳು ಚಳಿಗಾಲದಲ್ಲಿ ಮಲಗಲು ಕೆರೆದುಕೊಂಡ ಗುಂಡಿಗಳು, ಗೋಡೆಯ ಮೇಲೆ ಉಗುರಿನ ಗೀರು. ಮೇಲ್ಛಾವಣಿಯಲ್ಲಿ ಹಳೇ ಶತಮಾನಗಳ ಪ್ರವಾಸಿಗರು ಹೊಗೆಯಲ್ಲಿ ಬರೆದ ತಮ್ಮ ಹೆಸರುಗಳು. ಮ್ಯಾಮತ್ ಪಕ್ಕದಲ್ಲೇ! "ಇಲ್ಲೂ ಇದ್ದಾರೆ ನಮ್ಮೋರು" ಅಂದರು ಅಮ್ಮ.

ಇನ್ನು ನದಿ. ದೋರ್ದೋನ್ ನೋಡಬೇಕಾದದ್ದು ರಸ್ತೆಯಿಂದಲ್ಲ, ನೀರಿನಿಂದ. ಸೆನಾಕ್‌ನಿಂದ ಬೇನಾಕ್‌ವರೆಗೆ ಸುಮಾರು 9 ಕಿಲೋಮೀಟರ್ ಕನೂ ಬಾಡಿಗೆಗೆ ಸಿಗುತ್ತೆ. ಬೇಸಿಗೆಯಲ್ಲಿ ನೀರು ಶಾಂತ, ಲೈಫ್ ಜಾಕೆಟ್ ಕೊಡ್ತಾರೆ, ಫೋನ್ ಇಡೋಕೆ ನೀರು ಹೋಗದ ಡಬ್ಬಿಯೂ ಇರುತ್ತೆ. ಈಜು ಬರಲೇಬೇಕು. ಅಪ್ಪ ಹೇಮಾವತಿಯಲ್ಲಿ ಈಜು ಕಲಿತವರು, ಹುಟ್ಟು ಕೈಗೆ ಸಿಕ್ಕಿದ್ದೇ ತಡ, ನನಗೇ ಆರ್ಡರ್ ಶುರು. ಎರಡು ಗಂಟೆ ಚಿಲ್ಲರೆಯಲ್ಲಿ ಒಂದು ಬಂಡೆ ಊರು, ಎರಡು ಕೋಟೆ ನಮ್ಮ ಪಕ್ಕದಲ್ಲೇ ಹಾದುಹೋದವು. ಕೊನೆಯಲ್ಲಿ ಕಂಪನಿಯ ವ್ಯಾನ್ ವಾಪಸ್ ಕರೆದುಕೊಂಡು ಬರುತ್ತೆ.

ಆ ಬಂಡೆ ಊರೇ ಲಾ ರೋಕ್ ಗಜಾಕ್. ಹಿಂದೆ ಕಡಿದಾದ ಹಳದಿ ಬಂಡೆ, ಮುಂದೆ ನದಿ, ನಡುವೆ ಒಂದೆರಡು ಸಾಲು ಮನೆ. ದಕ್ಷಿಣಕ್ಕೆ ಮುಖ ಮಾಡಿದ ಬಂಡೆ ಬಿಸಿಲು ಹಿಡಿದಿಟ್ಟುಕೊಳ್ಳುವುದರಿಂದ ಇಲ್ಲಿ ತಾಳೆ ಗಿಡ, ಬಾಳೆ ಗಿಡ ಕೂಡ ಬದುಕುತ್ತವೆ. ಚೆಂದದ ಬೆಲೆಯೂ ಇದೆ. 1957ರಲ್ಲಿ ಬಂಡೆಯ ಒಂದು ಭಾಗ ಕುಸಿದು ಮೂವರು ಸತ್ತರು. ಇಲ್ಲಿಂದ ಗಬಾರ್ ಅನ್ನೋ ಚಪ್ಪಟೆ ತಳದ ಮರದ ದೋಣಿಗಳು ಒಂದು ಗಂಟೆ ಸುತ್ತಿಸುತ್ತವೆ. ಅಮ್ಮ ಮತ್ತು ನನ್ನ ಗಂಡ ಅದರಲ್ಲಿ. ಮಧ್ಯ ಹೊಳೆಯಲ್ಲಿ ನಮ್ಮ ಕನೂ ಕಂಡದ್ದೇ "ರೀ, ಹುಷಾರು ರೀ!" ಅಂತ ಅಮ್ಮ ಎದ್ದು ನಿಂತು ಕೂಗಿದ್ದಕ್ಕೆ ಇಡೀ ದೋಣಿಯವರು ನಮಗೆ ಕೈ ಬೀಸಿದರು.

ಹಿಂದೆ ಈ ಥರದ ದೋಣಿಗಳಲ್ಲಿ ಮೇಲಿನ ಕಾಡುಗಳಿಂದ ಮರ ಕೆಳಗಿನ ವೈನ್ ಸೀಮೆಗೆ ಹೋಗುತ್ತಿತ್ತು. ಪೀಪಾಯಿಗೆ ಓಕ್, ದ್ರಾಕ್ಷಿ ಬಳ್ಳಿಗೆ ಗೂಟ. ಮೇಲಿನಿಂದ ಬಂದ ಎಷ್ಟೋ ದೋಣಿಗಳು ವಾಪಸ್ ಹೋಗುತ್ತಲೇ ಇರಲಿಲ್ಲ. ಸರಕಿನ ಜೊತೆ ದೋಣಿಯನ್ನೂ ಒಡೆದು ಮರದ ಲೆಕ್ಕದಲ್ಲಿ ಮಾರಿ, ಅಂಬಿಗರು ನಡೆದುಕೊಂಡು ಊರಿಗೆ ಹೋಗುತ್ತಿದ್ದರಂತೆ.

ಕೋಟೆಗಳನ್ನು ನಾನು ಬೇಗ ಮುಗಿಸುತ್ತೇನೆ, ಎರಡಾದ ಮೇಲೆ ಎಲ್ಲವೂ ಒಂದೇ ಥರ ಕಾಣುತ್ತವೆ ಅನ್ನೋದು ನನ್ನ ಅಭಿಪ್ರಾಯ. ಬೇನಾಕ್, ಕಾಸ್ತೆಲ್ನೋ ನದಿಯ ಈಚೆ ಆಚೆ. ಇಂಗ್ಲಿಷರಿಗೂ ಫ್ರೆಂಚರಿಗೂ ನಡೆದ ನೂರು ವರ್ಷದ ಯುದ್ಧದಲ್ಲಿ ಕಾಸ್ತೆಲ್ನೋ ಹೆಚ್ಚು ಕಾಲ ಇಂಗ್ಲಿಷರ ಕಡೆ, ಬೇನಾಕ್ ಫ್ರೆಂಚರ ಕಡೆ. ಮಕ್ಕಳಿದ್ದರೆ ಕಾಸ್ತೆಲ್ನೋಗೆ ಹೋಗಿ, ಕಲ್ಲು ಎಸೆಯುವ ದೊಡ್ಡ ಯಂತ್ರಗಳಿವೆ.

ಬಿಡಬಾರದ್ದು ಮಿಲಾಂದ್. ಅದು ಜೋಸೆಫಿನ್ ಬೇಕರ್ ಮನೆ. ಅಮೆರಿಕದ ಸೇಂಟ್ ಲೂಯಿಸ್‌ನ ಬಡ ಕಪ್ಪು ಹುಡುಗಿ, ಪ್ಯಾರಿಸ್ಸಿನ ದೊಡ್ಡ ತಾರೆಯಾದಳು. ಯುದ್ಧಕಾಲದಲ್ಲಿ ನಾಜಿಗಳ ವಿರುದ್ಧ ಗುಪ್ತ ಕೆಲಸ ಮಾಡಿದಳು. 1947ರಲ್ಲಿ ಈ ಕೋಟೆಮನೆ ಕೊಂಡು, ಬೇರೆ ಬೇರೆ ದೇಶದ ಹನ್ನೆರಡು ಮಕ್ಕಳನ್ನು ದತ್ತು ತೆಗೆದುಕೊಂಡು ಸಾಕಿದಳು. ಬಾಳೆಹಣ್ಣಿನ ಲಂಗದ ಫೋಟೋ ಎಲ್ಲರೂ ನೋಡಿರುತ್ತಾರೆ. ಇಲ್ಲಿ ಇನ್ನೊಂದು ಫೋಟೋ ಇದೆ. ಸಾಲಕ್ಕೆ ಮನೆ ಹೋಗಿ, 1969ರಲ್ಲಿ ಹೊರಗೆ ಹಾಕಿದಾಗ, ತಲೆಗೆ ಟೋಪಿ ಕಟ್ಟಿಕೊಂಡು ಅಡುಗೆಮನೆಯ ಮೆಟ್ಟಿಲ ಮೇಲೆ ಒಬ್ಬಳೇ ಕೂತಿರೋದು. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ, "ಮಕ್ಕಳು ಎಲ್ಲಿಗೆ ಹೋದ್ವಂತೆ?" ಮೊನಾಕೋದ ರಾಜಕುಮಾರಿ ಗ್ರೇಸ್ ಮನೆಗೆ ನೆರವಾದಳು ಅಂದೆ. ಅಮ್ಮನಿಗೆ ಸ್ವಲ್ಪ ಸಮಾಧಾನವಾಯಿತು. 2021ರಲ್ಲಿ ಫ್ರಾನ್ಸ್ ತನ್ನ ದೊಡ್ಡವರ ಸಾಲಿನಲ್ಲಿ, ಪ್ಯಾರಿಸ್ಸಿನ ಪಾಂಥೆಯೋಂನಲ್ಲಿ ಈಕೆಗೆ ಜಾಗ ಕೊಟ್ಟಿತು. ಅಲ್ಲಿ ಗೌರವ ಪಡೆದ ಮೊದಲ ಕಪ್ಪು ಮಹಿಳೆ.

ಊಟದ ವಿಷಯ ನೇರವಾಗಿ ಹೇಳಿಬಿಡುತ್ತೇನೆ, ಸಸ್ಯಾಹಾರಿಗಳಿಗೆ ಇದು ಕಷ್ಟದ ಸೀಮೆ. ಪೆರಿಗೋರ್ ಅಂದರೆ ಬಾತುಕೋಳಿ, ಹೆಬ್ಬಾತು. ಬೋರ್ಡಿನಲ್ಲೆಲ್ಲ ಫ್ವಾ ಗ್ರಾ, ಅಂದರೆ ಕೊಳವೆಯಲ್ಲಿ ಜೋಳ ತುರುಕಿ ಊದಿಸಿದ ಈಲಿ. ನಮ್ಮ ದೇಶ 2014ರಲ್ಲೇ ಇದರ ಆಮದು ನಿಲ್ಲಿಸಿದೆ. ಸಾರ್ಲಾದ ಹಳೇ ಚೌಕದಲ್ಲಿ ಮೂರು ಕಂಚಿನ ಹೆಬ್ಬಾತುಗಳಿವೆ, ಅಮ್ಮ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಅಲ್ಲಿ ಹಿಂದೆ ಹೆಬ್ಬಾತು ಸಂತೆ ನಡೀತಿತ್ತು ಅಂತ ಮಾತ್ರ ಹೇಳಿದೆ, ಯಾಕೆ ಕೊಳ್ಳುತ್ತಿದ್ದರು ಅಂತ ಬಿಡಿಸಿ ಹೇಳಲಿಲ್ಲ.

ಆಲೂಗಡ್ಡೆ ನೋಡಿ ಖುಷಿಪಡಬೇಡಿ. ಸಾರ್ಲಾ ಶೈಲಿಯ ಆಲೂಗಡ್ಡೆ ಹುರಿಯೋದು ಬಾತಿನ ಕೊಬ್ಬಿನಲ್ಲಿ. ಬೆಳ್ಳುಳ್ಳಿ ಸೂಪಿನಲ್ಲೂ ಅದು ಇರಬಹುದು. ಆರ್ಡರ್ ಮಾಡುವಾಗ "ಸಾಂ ವಿಯಾಂದ್, ಸಾಂ ಗ್ರೆಸ್ ದ ಕನಾರ್" ಅನ್ನಿ, ಮಾಂಸ ಬೇಡ, ಬಾತಿನ ಕೊಬ್ಬೂ ಬೇಡ ಅಂತ. ಅದಕ್ಕೂ ಮೊದಲು "ಬೋಂಜೂರ್" ಹೇಳಿ, ಅದಿಲ್ಲದೆ ಇಲ್ಲಿ ಯಾವ ಮಾತೂ ಮುಂದಕ್ಕೆ ಹೋಗಲ್ಲ. ಮಧ್ಯಾಹ್ನ ಎರಡಕ್ಕೆ ಅಡುಗೆಮನೆ ಬಂದ್. ಎರಡೂಕಾಲಕ್ಕೆ ಹೋಗಿ ಗೋಗರೆದರೂ ಸಿಗೋದು ಕಾಫಿ ಮಾತ್ರ.

ಸಂತೆ ಮಾತ್ರ ಸ್ವರ್ಗ. ಸಾರ್ಲಾದಲ್ಲಿ ಬುಧವಾರ ಬೆಳಿಗ್ಗೆ, ಶನಿವಾರ ಇಡೀ ದಿನ. ಈ ಸೀಮೆಯ ಸ್ಟ್ರಾಬೆರಿ, ವಾಲ್‌ನಟ್, ವಾಲ್‌ನಟ್ ಕೇಕ್, ವಾಲ್‌ನಟ್ ಎಣ್ಣೆ. ಅಂಗೈಯಗಲದ ಆಡಿನ ಹಾಲಿನ ಚೀಸ್ ಇದೆ, ಹೆಸರು 'ಕಾಬೆಕೂ'. ಅಂಗಡಿಯವ "ಕಾಬೆಕೂ, ಮದಾಂ?" ಅಂದಾಗ ಅಮ್ಮ ನನ್ನ ಕಡೆ ತಿರುಗಿ, "ಏನೋ ಬೇಕಾ ಅಂತ ಕೇಳ್ತಿದ್ದಾನಲ್ಲೇ" ಅಂದರು. ಕಟ್ಟುನಿಟ್ಟಿನವರಿಗೆ ಒಂದು ಎಚ್ಚರಿಕೆ: ಇಲ್ಲಿನ ಸಾಂಪ್ರದಾಯಿಕ ಚೀಸ್‌ಗಳಿಗೆ ಹೆಚ್ಚಾಗಿ ಬಳಸೋದು ಪ್ರಾಣಿಮೂಲದ ಹೆಪ್ಪು. ವಾಲ್‌ನಟ್ ಎಣ್ಣೆಯನ್ನು ಕಾಯಿಸಬಾರದು, ಹಸಿಯಾಗೇ ಹಾಕಬೇಕು. ಊರಿಂದ ತಂದಿದ್ದ ಅವಲಕ್ಕಿಗೆ ಅಮ್ಮ ಅದನ್ನು ಕಲಸಿ, ಮೇಲೆ ಉಪ್ಪು, ಹುಳಿಪುಡಿ, ಈರುಳ್ಳಿ ಹಾಕಿದರು. ಆರು ದಿನದಲ್ಲಿ ಮೂರು ದಿನ ನಮಗೆ ಅದೇ ರಾತ್ರಿ ಊಟ, ಹಿತ್ತಲಲ್ಲಿ ಕೂತು. ಜೂನ್‌ನಲ್ಲಿ ಇಲ್ಲಿ ಒಂಬತ್ತೂವರೆಗೂ ಬೆಳಕಿರುತ್ತೆ.

ಹೊರಡುವವರಿಗೆ ನಾಲ್ಕು ಮಾತು. ಬೋರ್ದೋದಿಂದ ಸಾರ್ಲಾಗೆ ರೈಲಿದೆ, ಮೂರು ಗಂಟೆ ಹತ್ತಿರ ಹಿಡಿಯುತ್ತೆ. ತುಲೂಸ್‌ನಿಂದ ಕಾರಿನಲ್ಲಿ ಎರಡೂವರೆ ಗಂಟೆ. ಕಣಿವೆಯೊಳಗೆ ಬಸ್ ನಂಬಬೇಡಿ, ಕಾರು ಬೇಕೇ ಬೇಕು. ಊರಲ್ಲೇ ಆರ್‌ಟಿಓ ಹತ್ತಿರ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡು ಬನ್ನಿ. ಫೋಂ ದ ಗೋಮ್ ಟಿಕೆಟ್ ಪದ್ಧತಿ ಆಗಾಗ ಬದಲಾಗುತ್ತೆ, ಮೊದಲು ಅಧಿಕೃತ ಸೈಟ್ ನೋಡಿ, ಆಮೇಲೆ ಮನೆ ಬುಕ್ ಮಾಡಿ. ಜುಲೈ, ಆಗಸ್ಟ್‌ನಲ್ಲಿ ಬಂದರೆ ಗುರುವಾರ ಸಂಜೆ ಮಾರ್ಕೆಸಾಕ್ ತೋಟಕ್ಕೆ ಹೋಗಿ, ಕತ್ತರಿಸಿ ಗುಂಡಗೆ ಮಾಡಿದ ಪೊದೆಗಳ ನಡುವೆ ದೀಪ ಹಚ್ಚಿರುತ್ತಾರೆ. ಆ ತಿಂಗಳುಗಳಲ್ಲಿ ಹಳ್ಳಿಗಳಲ್ಲಿ ರಾತ್ರಿ ಸಂತೆಯೂ ಇರುತ್ತೆ. ಚೌಕದಲ್ಲಿ ಉದ್ದ ಟೇಬಲ್ ಹಾಕಿರುತ್ತಾರೆ, ಬೇಕಾದ ಅಂಗಡಿಯಲ್ಲಿ ಬೇಕಾದ್ದು ಕೊಂಡು, ಗುರುತಿಲ್ಲದವರ ಪಕ್ಕ ಕೂತು ತಿನ್ನೋದು. ಎಷ್ಟೋ ಕಡೆ ತಟ್ಟೆ, ಲೋಟ, ಚಮಚ ನಾವೇ ಒಯ್ಯಬೇಕು, ಜೀತ್‌ನಿಂದ ಹೊರಡುವಾಗ ಬ್ಯಾಗಿಗೆ ಹಾಕಿಕೊಳ್ಳಿ.